ಅವ್ವನ ಎದುರಿಗೆ ಸೇದಬಹುದಾದ ಸಿಗರೇಟು

ಅಣ್ಣ ಅವ್ವನ ಎದುರಿಗೇ ಕೂತು ಮೊದಲ ಸಲ ಸಿಗರೇಟು ಹಚ್ಚಿದಾಗ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ರೇಗುತ್ತದೆ. ಬೈಯಬೇಕಾಗಿದ್ದ ಅವ್ವ ಮೂಗು ಅರಳಿಸಿ ವಾಸನೆ ನೋಡಿದಳು. "ಲೋಬಾನ ಹಾಕ್ದಂಗೈತಲ್ಲೋ" ಅಂದಳು. ಅಡುಗೆಮನೆಯಿಂದ ಅತ್ತಿಗೆ, "ಹಂಗಾದ್ರೆ ಸೋಮವಾರ ಇವ್ರನ್ನೇ ದೇವರ ಕೋಣ್ಯಾಗೆ ಕೂರ್ಸಿಬಿಡ್ರಿ ಅತ್ತೆ, ಕೆಂಡ ಮಾಡೋ ಕೆಲ್ಸ ತಪ್ಪುತ್ತೆ" ಅಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ ಎಂದು ನನ್ನ ನೆನಪು. ಆದರೆ ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಆಮೇಲೆ ನಡೆದದ್ದೆಲ್ಲ ಗೊತ್ತಿರುವ ಮುಖವೊಂದನ್ನು ಆ ದಿನದ ನನಗೆ ಅಂಟಿಸಿಕೊಂಡಿರಬಹುದು.

ಅದು ತಂಬಾಕಿನ ಸಿಗರೇಟಲ್ಲ ಎಂಬುದು ಅವರ ನಗುವಿಗೆ ಕಾರಣ. ಹಸಿರು ಪೊಟ್ಟಣ, ಮೇಲೆ ತುಳಸಿ ಎಲೆಯ ಚಿತ್ರ. ಅಣ್ಣ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ಪ್ರಸಾದದಂತೆ ಎಲ್ಲರಿಗೂ ತೋರಿಸಿದ.

"ತುಳಸಿ, ಪುದೀನ, ಲವಂಗ, ಜೇಷ್ಠಮಧು. ತಂಬಾಕು ಒಂದ್ ಎಳೀನೂ ಇಲ್ಲ. ಗ್ರಂಧಿಗೆ ಅಂಗಡಿಯವ ಏನಂದ ಗೊತ್ತೇನವ್ವ? ತಾಯಿ ಎದುರಿಗೇ ಕುಂತು ಸೇದಬೌದ್ರಿ ಇದನ್ನ, ಅಂದ."

ಅಂಗಡಿಯವನು ನಿಜವಾಗಿ ಹಾಗೆ ಹೇಳಿದ್ದನೋ, ಅಣ್ಣನೇ ಕಟ್ಟಿದ್ದೋ ತಿಳಿಯದು. ಯಾರು ಹೇಳಿದ್ದರೂ ನಮ್ಮ ಮನೆಯ ನರ ಎಲ್ಲಿದೆ ಎಂದು ಬಲ್ಲವರೇ ಹೇಳಿದ್ದು.

ಯಾಕೆಂದರೆ ಅಲ್ಲಿಯವರೆಗೆ ಅಣ್ಣನ ಸಿಗರೇಟಿಗೆ ಇದ್ದ ನಿಷೇಧ ಅದೊಂದೇ. ನಮ್ಮಲ್ಲಿ ಹಿರಿಯರ ಮುಂದೆ ತಂಬಾಕು ಸೇದುವುದಿಲ್ಲ, ದೇವರ ದೀಪ ಉರಿಯುವ ಮನೆಯೊಳಗಂತೂ ಇಲ್ಲವೇ ಇಲ್ಲ. ಅಪ್ಪ ಇದ್ದಾಗಿನಿಂದಲೂ ಅಣ್ಣ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ, "ಇಲ್ಲೇ ಹೋಗ್ ಬರ್ತೀನಿ" ಎಂದು ಹೊರಡುತ್ತಿದ್ದ. ಎಲ್ಲಿಗೆ ಎಂದು ಯಾರೂ ಕೇಳುತ್ತಿರಲಿಲ್ಲ. ದಾವಣಗೆರೆಯ ನಿಟ್ಟುವಳ್ಳಿಯ ನಮ್ಮ ಬೀದಿಯ ತುದಿಯಲ್ಲಿ ಒಂದು ಗೂಡಂಗಡಿ ಇತ್ತು. ಅಲ್ಲಿಂದ ಬರುವಾಗ ಬಾಯಿ ಮುಕ್ಕಳಿಸಿ, ಒಂದು ಲವಂಗ ಕಡಿದುಕೊಂಡು ಬರುತ್ತಿದ್ದ. ಬಂದ ಮೇಲೂ ಸ್ವಲ್ಪ ಹೊತ್ತು ಅವ್ವನ ಹತ್ತಿರ ಸುಳಿಯುತ್ತಿರಲಿಲ್ಲ. ಅವ್ವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಗೊತ್ತಿದೆ ಎಂದು ತೋರಿಸಿಕೊಳ್ಳದಿರುವುದು ಅವಳ ಪಾಲಿನ ಮರ್ಯಾದೆ, ಕಾಣದಂತೆ ಸೇದುವುದು ಇವನ ಪಾಲಿನದು. ಈ ಮರ್ಯಾದೆಯ ದೆಸೆಯಿಂದ ಅವನು ಸೇದುವುದಕ್ಕೆ ಒಂದು ಮಿತಿ ಇತ್ತು. ಮಳೆ ಬಂದರೆ, ನೆಂಟರು ಬಂದರೆ, ಅವ್ವ ಕಟ್ಟೆಯ ಮೇಲೆ ಕೂತಿದ್ದರೆ ಸಿಗರೇಟು ತಪ್ಪಿಹೋಗುತ್ತಿತ್ತು.

ಅಪಾಯವಿಲ್ಲದ ಸಿಗರೇಟು ಬಂದು ಮೊದಲು ತೆಗೆದುಹಾಕಿದ್ದು ಈ ಮಿತಿಯನ್ನು.

ಈಚೆಗೆ ಪತ್ರಿಕೆಗಳಲ್ಲಿ ಬ್ಯಾಟರಿಯ ಸಿಗರೇಟಿನ ವಾದ ಓದುವಾಗೆಲ್ಲ ನಾನು ಅರ್ಧಕ್ಕೇ ಮಡಚಿಡುತ್ತೇನೆ. ಅದು ತಂಬಾಕಿಗಿಂತ ವಾಸಿ, ಬಿಡಲು ಒಂದು ಮೆಟ್ಟಿಲು ಎಂದು ಒಬ್ಬರು. ಅದೂ ವಿಷವೇ, ಇನ್ನೊಂದು ಚಟ ಅಂಟುತ್ತದೆ, ನಮ್ಮ ದೇಶ ನಿಷೇಧಿಸಿದ್ದೇ ಸರಿ ಎಂದು ಇನ್ನೊಬ್ಬರು. ಇಬ್ಬರೂ ಸೇದುವವನ ಶ್ವಾಸಕೋಶದ ಬಗ್ಗೆ ಬರೆಯುತ್ತಾರೆ. ನನಗೆ ಕಣ್ಣ ಮುಂದೆ ಬರುವುದು ನಮ್ಮ ಪಡಸಾಲೆ. ಎರಡೂ ಪಕ್ಕ ಬೇರೆಯವರ ಗೋಡೆ ಇದ್ದ, ಗಾಳಿ ಮುಂಬಾಗಿಲಿನಿಂದ ಬಂದು ಹಿತ್ತಲ ಬಾಗಿಲಿನಿಂದಲೇ ಹೋಗಬೇಕಾಗಿದ್ದ ಉದ್ದನೆಯ ಮನೆ. ಅದರ ನಡುವೆ ಚಾಪೆಯ ಮೇಲೆ ನಮ್ಮ ಅವ್ವ. ಅವಳಿಗೆ ದಮ್ಮು ಇತ್ತು.

ದಮ್ಮಿಗೆ ಪಿ.ಜೆ. ಬಡಾವಣೆಯ ಡಾಕ್ಟರು ಒಂದು ಪಂಪು ಕೊಟ್ಟಿದ್ದರು. ಬಾಯಿಗಿಟ್ಟು ಒತ್ತಿ ಎಳೆದುಕೊಳ್ಳುವಂಥದ್ದು. ಅವ್ವ ಅದನ್ನು ಸೀರೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದಳು. ಕೇಳಿದರೆ, "ಅದು ಚಟ ಆಗ್ತೈತಂತೆ. ಒಂದ್ಸಲ ಹಿಡಿದ್ರೆ ಬಿಡಕ್ಕಾಗಲ್ಲಂತೆ" ಎನ್ನುತ್ತಿದ್ದಳು. ಔಷಧಿಯ ಪಂಪಿಗೆ ಹೆದರುವ ಹೆಂಗಸು ಮಗನ ತುಳಸಿ ಹೊಗೆಯಲ್ಲಿ ಆರಾಮಾಗಿ ಕೂತಿರುತ್ತಿದ್ದಳು. ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಅದು ತೊಂಬತ್ತರ ದಶಕದ ಕೊನೆ. ದಾವಣಗೆರೆ ಜಿಲ್ಲೆಯಾದ ಹೊಸತು. ಅಣ್ಣ ಹರಿಹರದ ಒಂದು ಕಾರ್ಖಾನೆಯಲ್ಲಿದ್ದ, ನಾನು ಅಲ್ಲಿನ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅವನಿಗೆ ಬೆಳಗಿನ ಪಾಳಿ ಇದ್ದ ವಾರಗಳಲ್ಲಿ ಇಬ್ಬರೂ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ತುಳಸಿ ಸಿಗರೇಟು ಬರುವ ತನಕ ಅವನು ನನ್ನ ಎದುರಿಗೂ ಸೇದಿದವನಲ್ಲ. ತಂಗಿಯ ಮುಂದೆ ಸೇದಿದರೆ ಅವ್ವನ ಮುಂದೆ ಸೇದಿದ ಹಾಗೇ ಎಂಬ ಲೆಕ್ಕ ಇದ್ದಿರಬೇಕು. ಈಗ ಬಸ್ಸಿನಲ್ಲೇ ಹಚ್ಚಿದ.

ಡ್ರೈವರನ ತಲೆಯ ಮೇಲೆ ಧೂಮಪಾನ ನಿಷೇಧಿಸಲಾಗಿದೆ ಎಂದು ಕೆಂಪು ಬಣ್ಣದಲ್ಲಿ ಬರೆದಿತ್ತು. ಕಂಡಕ್ಟರ್ ಜನರನ್ನು ಸರಿಸಿಕೊಂಡು ಬಂದ.

"ಸಾರ್, ಆರ್ಸ್ರಿ ಅದನ್ನ."

"ಇದು ಸಿಗರೇಟಲ್ರಿ."

"ಮತ್ತೇನು, ಊದುಬತ್ತಿನಾ?"

"ಊದುಬತ್ತಿ ಅಂತಾನೇ ತಿಳ್ಕಳ್ರಿ. ತುಳಸಿ ಐತೆ ಇದ್ರಾಗೆ. ಮನ್ಯಾಗೆ ನಮ್ಮವ್ವನ ಮುಂದೇನೇ ಸೇದ್ತೀನಿ."

ಅವ್ವನ ಹೆಸರು ಬಂದ ಕೂಡಲೇ ಕಂಡಕ್ಟರನ ದನಿ ಇಳಿಯಿತು. ಹಿಂದಿನ ಸೀಟಿನಿಂದ, ಮಂಡಕ್ಕಿ ಚೀಲ ತೊಡೆಯ ಮೇಲಿಟ್ಟುಕೊಂಡಿದ್ದ ಮುದುಕರೊಬ್ಬರು ತೀರ್ಪು ಕೊಟ್ಟರು.

"ಬಿಡಪ್ಪ ಅತ್ಲಾಗೆ. ಮಂಡಕ್ಕಿ ಭಟ್ಟಿ ಹೊಗೆ ಕುಡ್ದು ಬೆಳೆದಿರೋ ಊರು ನಮ್ದು. ಇದ್ಯಾವ ಲೆಕ್ಕ?"

ಮುಂದೆ ಮಗುವನ್ನು ಎತ್ತಿಕೊಂಡು ಕೂತಿದ್ದ ಹೆಂಗಸು ಸರ್ರನೆ ತಿರುಗಿದಳು. "ಲೆಕ್ಕ ಇಲ್ದಿದ್ರೆ ನಿಮ್ ಮಖದ್ ಮೇಲೇ ಬಿಡಿಸ್ಕಳ್ರಿ ಅಜ್ಜಾರೆ. ನನ್ ಮಗ ಕೆಮ್ಮಾಕ್ ಹತ್ಯಾನೆ ಇಲ್ಲಿ."

"ತುಳಸಿ ಕೆಮ್ಮಿಗೆ ಒಳ್ಳೇದೇ ಅಲ್ವೇನವ್ವ?"

"ಕಷಾಯ ಮಾಡಿ ಕುಡಿಸಿದ್ರೆ ಒಳ್ಳೇದು. ಸುಟ್ಟು ಊದಿದ್ರಲ್ಲ."

ಬಸ್ಸು ಎರಡು ಪಾಲಾಯಿತು. ತಂಬಾಕು ಇಲ್ಲದ ಮೇಲೆ ಯಾಕೆ ಬೇಡ ಎನ್ನುವವರು ಕೆಲವರು. ಇವತ್ತು ತುಳಸಿ ಅಂತಾರೆ, ನಾಳೆ ಬೀಡಿಗೂ ಬೇವಿನೆಲೆ ಸುತ್ತಿಕೊಂಡು ಬರ್ತಾರೆ ಎನ್ನುವವರು ಕೆಲವರು. ಕಂಡಕ್ಟರ್ ಪೊಟ್ಟಣ ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿ ಓದಿದ. "ತಂಬಾಕು ಇಲ್ಲ ಅಂತಾನೇ ಐತೆ. ನಂಗೇನೂ ಗೊತ್ತಾಗಂಗಿಲ್ಲ ಇದು. ಆಫೀಸ್ನಾಗೆ ಕೇಳ್ತೀನಿ. ತೋರ್ಸಾಕೆ ಒಂದು ಕೊಡ್ರಿ" ಎಂದು ಒಂದನ್ನು ತೆಗೆದು ಕಿವಿಗೆ ಸಿಕ್ಕಿಸಿಕೊಂಡು ಟಿಕೆಟ್ ಹರಿಯಲು ಹೋದ. ಅವನು ಯಾವ ಆಫೀಸಿನಲ್ಲಿ ಕೇಳಿದನೋ ಕಾಣೆ. ಹರಿಹರದಲ್ಲಿ ನಾವು ಇಳಿಯುವಾಗ ಬಸ್ಸಿನ ನೆರಳಿನಲ್ಲಿ ನಿಂತು ಅದನ್ನು ಹಚ್ಚಿದ್ದ.

"ನೋಡಿದ್ಯಾ?" ಎಂದು ಅಣ್ಣ ನನ್ನತ್ತ ಕಣ್ಣು ಮಿಟುಕಿಸಿದ. ಹೊಲಗಳ ಕಡೆ ಮುಖ ತಿರುಗಿಸಿ ಕೂತಿದ್ದ ನಾನು ದಾರಿಯುದ್ದಕ್ಕೂ ಒಂದು ಮಾತೂ ಆಡಿರಲಿಲ್ಲ. ಮಗು ಎತ್ತಿಕೊಂಡಿದ್ದ ಹೆಂಗಸಿನ ಪರವಾಗಿ ನಾನು ಬಾಯಿ ಬಿಡಬಹುದಿತ್ತು. ಆದರೆ ನಾಲ್ಕು ಜನರ ಮುಂದೆ ಅಣ್ಣನಿಗೆ ಎದುರಾಡುವುದು ನನಗೂ ರೂಢಿಯಿರಲಿಲ್ಲ. ನಮ್ಮ ಮನೆಯ ಮರ್ಯಾದೆ ಎಲ್ಲರ ಬಾಯಿಯನ್ನೂ ಒಂದೊಂದು ಕಡೆ ಕಟ್ಟಿತ್ತು.

ಡಾಕ್ಟರರ ಕಥೆ ಇನ್ನೂ ರೇಗಿಸುವಂಥದ್ದು. ಅಣ್ಣನ ಕೆಮ್ಮಿಗೂ ಅವ್ವನ ದಮ್ಮಿಗೂ ಅದೇ ಪಿ.ಜೆ. ಬಡಾವಣೆಯ ಡಾಕ್ಟರು. ಸಿಗರೇಟು ಬಿಡದಿದ್ದರೆ ನನ್ನ ಹತ್ತಿರ ಬರಬೇಡ್ರಿ ಎಂದು ಅಣ್ಣನಿಗೆ ಮೊದಲು ಹೇಳಿದ್ದವರೂ ಅವರೇ. ತುಳಸಿಯ ಪೊಟ್ಟಣ ತೋರಿಸಿದಾಗ ಅವರು, "ತಂಬಾಕಿಗಿಂತ ವಾಸಿ ಇರಬಹುದು. ಬಿಡೋದಕ್ಕೆ ಅನುಕೂಲ ಆಗೋದಾದ್ರೆ ಕೆಲವು ದಿನ ನೋಡ್ರಿ" ಅಂದರಂತೆ. ಅಣ್ಣ ಮನೆಗೆ ಬರುವಷ್ಟರಲ್ಲಿ "ಇರಬಹುದು" ಎನ್ನುವುದೂ "ಕೆಲವು ದಿನ" ಎನ್ನುವುದೂ ಆಟೋದಲ್ಲೇ ಉಳಿದುಹೋಗಿ, "ತಂಬಾಕಿಗಿಂತ ವಾಸಿ ಅಂತ ಡಾಕ್ಟ್ರೇ ಅಂದ್ರು" ಎಂಬುದಷ್ಟು ಒಳಗೆ ಬಂತು.

ನಾನು ಬಿಡುತ್ತೇನೆಯೇ? ಅವ್ವನನ್ನು ಕರೆದುಕೊಂಡು ಹೋದೆ. ಡಾಕ್ಟರು ಅವ್ವನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ಹೊಗೆ, ಧೂಳು ಯಾವುದೂ ಆಗಬಾರದು, ಲೋಬಾನವೂ ಬೇಡ ಅಂದರು.

"ತುಳಸಿ ಸಿಗರೇಟು?" ಎಂದು ಕೇಳಿದೆ.

"ಅದರ ಬಗ್ಗೆ ನಾನು ಓದಿಲ್ಲಮ್ಮ. ಯಾರಾದ್ರೂ ಸರಿಯಾಗಿ ಪರೀಕ್ಷೆ ಮಾಡಿದಾರೋ ಇಲ್ವೋ ಅದೂ ಗೊತ್ತಿಲ್ಲ. ಎಲೆ ಯಾವ್ದಾದ್ರೇನು, ಸುಟ್ರೆ ಹೊಗೆ. ಹೊಗೆ ಇವ್ರಿಗೆ ಆಗಲ್ಲ."

"ಅಣ್ಣನಿಗೆ ವಾಸಿ ಅಂದ್ರಂತಲ್ಲ?"

"ಅವ್ರಿಗೆ ಹೇಳಿದ್ದು ಅವ್ರಿಗೆ. ಇವ್ರಿಗೆ ಹೇಳಿದ್ದು ಇವ್ರಿಗೆ."

ಇಬ್ಬರೂ ಒಂದೇ ಮನೆಯಲ್ಲಿ ಉಸಿರಾಡುತ್ತಾರಲ್ಲ ಎಂದು ನಾನು ಕೇಳಲಿಲ್ಲ. ಕೇಳಿದೆ ಎಂದು ಆಮೇಲೆ ಎಷ್ಟೋ ಜನರ ಹತ್ತಿರ ಹೇಳಿಕೊಂಡಿದ್ದೇನೆ. ಆದರೆ ಆ ಮಾತು ಹೊಳೆದದ್ದು ಮೆಟ್ಟಿಲು ಇಳಿಯುವಾಗ. ಮನೆಗೆ ಬಂದು, "ಹೊಗೆ ಅವ್ವನಿಗೆ ಆಗಲ್ಲ ಅಂತ ಡಾಕ್ಟ್ರೇ ಅಂದ್ರು" ಎಂದೆ. ಅಣ್ಣ, "ವಾಸಿ ಅಂದಿದ್ದೂ ಅವ್ರೇ" ಎಂದ. ಒಬ್ಬರೇ ಡಾಕ್ಟರನ್ನು ಎರಡು ಕಡೆಯಿಂದ ಹಿಡಿದು ನಾವಿಬ್ಬರೂ ಎಳೆದಾಡಿದೆವು. ಅವ್ವ ಪಂಪನ್ನು ಮತ್ತೆ ಸೀರೆಗಳ ಅಡಿಗೆ ತಳ್ಳಿದಳು.

ಅವಳನ್ನೇ ಒಂದು ದಿನ ಹಿಡಿದು ಕೂರಿಸಿದೆ. ಅಣ್ಣ ಕೆಲಸಕ್ಕೆ ಹೋಗಿದ್ದ. ಅವ್ವ ಮೊರದಲ್ಲಿ ಅವಲಕ್ಕಿ ಹಸನು ಮಾಡುತ್ತಿದ್ದಳು, ನಡುವೆ ನಡುವೆ ನಿಲ್ಲಿಸಿ ಉಸಿರು ತಗೊಳ್ಳುತ್ತಿದ್ದಳು. ಎದೆಯೊಳಗಿನ ಸುಂಯ್ ಶಬ್ದ ನನಗೆ ಕೇಳಿಸುತ್ತಿತ್ತು.

"ನೀನೇ ಹೇಳವ್ವ ಅವ್ನಿಗೆ. ಹಿತ್ತಲದಾಗೆ ಹೋಗಿ ಸೇದು ಅನ್ನು. ನೀ ಹೇಳಿದ್ರೆ ಕೇಳ್ತಾನೆ."

"ಕೇಳ್ತಾನೆ."

"ಮತ್ತೆ?"

"ಹೊರಗ ಹೋಗು ಅಂದ್ರೆ ಹಿತ್ತಲದಾಗೆ ಒಬ್ನೇ ನಿಂತ್ಕಂತಾನೇನು? ಗಂಡಸ್ರು ನಾಕು ಮಂದಿ ಇರೋ ಕಡೆ ಹೋಗ್ತಾನೆ. ಅಂಗಡಿಗೆ." ಮೊರವನ್ನು ಒಂದು ಸಲ ಕೇರಿ ಕೆಳಗಿಟ್ಟಳು. "ನಿಮ್ಮಪ್ಪ ಹೋದ ಮ್ಯಾಲೂ ಉಂಡಿದ್ದು ಕೈ ತೊಳ್ದು ಹೊರಗೇ ಹೋಗೋನು. ಈಗ ನೋಡು. ಉಂಡು ನನ್ ಪಕ್ಕ ಬಂದು ಕುಂದ್ರುತಾನೆ. ಕಾರ್ಖಾನೆ ಸುದ್ದಿ ಹೇಳ್ತಾನೆ. ನಿನ್ನೆ ನಿಮ್ಮಪ್ಪನ ಮದ್ವಿ ಕೋಟಿನ ಕಥೆ ಕೇಳಿದ. ನನ್ನ ಯಾರು ಕೇಳ್ತಾರೆ ಅದನ್ನ? ನೀ ಕೇಳೀಯೇನು?"

"ನಿನ್ ಉಸಿರು ಕಟ್ಟುತ್ತಲ್ಲವ್ವ!"

"ಸ್ವಲ್ಪ ಕಟ್ತೈತೆ. ಅದು ಮೊದ್ಲೂ ಕಟ್ತಿತ್ತು."

ಅಷ್ಟೇ. ಮತ್ತೆ ಮೊರ ಎತ್ತಿಕೊಂಡಳು. ನಾನು ಆಗ ದಿನಚರಿ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಆ ದಿನದ ಪುಟದಲ್ಲಿ ನಾನು ಹೇಳಿದ್ದೆಲ್ಲ ಇದೆ, ಹೊಗೆಯಿಂದ ಏನೇನಾಗುತ್ತದೆ ಎಂದು ಅವಳಿಗೆ ಮಾಡಿದ ಪಾಠವೆಲ್ಲ ಇದೆ. ಅವ್ವ ಹೇಳಿದ್ದರಲ್ಲಿ "ಕೇಳುವುದಿಲ್ಲ, ಹಟ" ಎಂದಷ್ಟೇ ಬರೆದುಕೊಂಡಿದ್ದೇನೆ. ಮೇಲಿನ ಮಾತುಗಳನ್ನು ನಾನು ಈಗ ನೆನಪಿನಿಂದ ಎತ್ತಿ ಇಡುತ್ತಿದ್ದೇನೆ. ಮದುವೆ ಕೋಟಿನ ಕಥೆ ಎಂದಳೋ, ರುಮಾಲಿನ ಕಥೆ ಎಂದಳೋ ಖಾತ್ರಿಯಿಲ್ಲ. ನೀ ಕೇಳೀಯೇನು ಎಂದದ್ದು ಮಾತ್ರ ಖಾತ್ರಿ.

ಹಾಗಂತ ನನ್ನ ಹಟ ಸಡಿಲಾಗಲಿಲ್ಲ. ಸಡಿಲಾಗಬೇಕಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಉಸಿರಿಲ್ಲದೆ ಯಾವ ಕಥೆ ಹೇಳುತ್ತಾರೆ?

ನಾನು ಹೆದರಿದ್ದ ದಿನ ಶ್ರಾವಣದಲ್ಲಿ ಬಂತು. ಜಿಟಿಜಿಟಿ ಮಳೆ ಎಂದು ಮುಂಬಾಗಿಲು, ಹಿತ್ತಲ ಬಾಗಿಲು ಎರಡೂ ಹಾಕಿದ್ದವು. ಅಣ್ಣನಿಗೂ ನನಗೂ ರಜೆ. ಮಧ್ಯಾಹ್ನದ ಊಟವಾದ ಮೇಲೆ ಅವನು ಅವ್ವನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತು ಒಂದಾದ ಮೇಲೊಂದು ಹಚ್ಚುತ್ತಿದ್ದ. ಅಂಗಡಿಗೆ ಹೋಗಿ ಬರುವ ನಡಿಗೆಯಿಲ್ಲ, ಮಳೆಯ ಅಡ್ಡಿಯಿಲ್ಲ, ಯಾರ ಕಣ್ಣಿನ ಅಂಜಿಕೆಯೂ ಇಲ್ಲ. ಪಡಸಾಲೆಯಲ್ಲಿ ಹೊಗೆ ಜಂತೆಯ ಕೆಳಗೆ ಮೋಡದ ಹಾಗೆ ನಿಂತಿತ್ತು. ಅವ್ವ ಏನೋ ಹೇಳುತ್ತ ನಗುತ್ತಿದ್ದವಳು ಮಾತು ಅರ್ಧಕ್ಕೆ ನಿಲ್ಲಿಸಿ ನೆಲಕ್ಕೆ ಎರಡೂ ಕೈ ಊರಿದಳು. ಉಸಿರು ಒಳಗೆ ಹೋಗಲೊಲ್ಲದು. ತುಟಿಯ ಬಣ್ಣ ಬೇರೆಯಾಯಿತು. ನಾನು ಸೀರೆಗಳನ್ನೆಲ್ಲ ಕಿತ್ತೆಸೆದು ಪಂಪು ಹುಡುಕಿದೆ, ಅತ್ತಿಗೆ ಬಾಗಿಲು ತೆಗೆದು ಆಟೋಗೆ ಓಡಿದರು. ಅಣ್ಣ ಅವ್ವನನ್ನು ಮಗುವಿನಂತೆ ಎತ್ತಿಕೊಂಡು ಮಳೆಯಲ್ಲಿ ನಿಂತಿದ್ದ. ಇದನ್ನೂ ಬರೆಯಬೇಕು. ಯಾಕೆಂದರೆ ಸಿಟ್ಟಿನಲ್ಲಿ ಬರೆದ ನನ್ನ ದಿನಚರಿಯಲ್ಲಿ ಅದು ಇಲ್ಲ.

ಕ್ಲಿನಿಕ್ಕಿನಲ್ಲಿ ಇಂಜೆಕ್ಷನ್ ಕೊಟ್ಟರು, ಮುಖಕ್ಕೆ ಆಕ್ಸಿಜನ್ ಹಿಡಿದರು. ಸಂಜೆಯ ಹೊತ್ತಿಗೆ ಅವ್ವ ಸರಿಯಾಗಿ ಉಸಿರಾಡುತ್ತ ಕೂತಳು. ಮನೆಗೆ ಬಂದು ಅವಳನ್ನು ಮಲಗಿಸಿದ ಮೇಲೆ ನಾನು ಶುರು ಮಾಡಿದೆ. ಅಣ್ಣ ತಗ್ಗಿದ ದನಿಯಲ್ಲಿ, "ಲೋಬಾನದ್ದೂ ಇರಬೌದಲ್ಲ. ಇವತ್ತು ಸೋಮವಾರ. ಬೆಳಿಗ್ಗೆ ಹಾಕಿದ್ಲಲ್ಲ" ಎಂದ. ಸೋಮವಾರ ಎಂದು ಅಂದದ್ದು ಅವನ ನೆನಪು, ನನ್ನದಲ್ಲ.

ಆ ದಿನ ಸೋಮವಾರವೇ? ಈ ಪ್ರಶ್ನೆ ನಮ್ಮ ಮನೆಯಲ್ಲಿ ಇನ್ನೂ ಬಗೆಹರಿದಿಲ್ಲ. ಅಣ್ಣ ಸೋಮವಾರ ಅನ್ನುತ್ತಾನೆ. ನಾನು ಮಂಗಳವಾರ ಅನ್ನುತ್ತೇನೆ. ದಿನಚರಿ ಎರಡು ದಿನ ಬಿಟ್ಟು ಬರೆದದ್ದು, ಅದರಲ್ಲಿ "ಆ ದಿನ" ಎಂದಿದೆಯೇ ಹೊರತು ಯಾವ ದಿನ ಎಂದಿಲ್ಲ. ಸೋಮವಾರವಾಗಿದ್ದರೆ ಎರಡು ಹೊಗೆ ಇತ್ತು, ಯಾವುದು ಅವ್ವನ ಉಸಿರು ಕಟ್ಟಿತು ಎಂದು ಹೇಳುವವರು ಯಾರು? ಮಳೆಗಾಲದ ಥಂಡಿಗೇ ಹಾಗಾಗುತ್ತದೆ ಎಂದು ಅತ್ತಿಗೆ. ಎಲ್ಲ ಸೇರಿ ಆಗಿರಬಹುದು ಎಂದು ಡಾಕ್ಟರು. ನನಗೆ ಬೇಕಾಗಿದ್ದದ್ದು ಒಂದು ನೇರವಾದ ಉತ್ತರ. ಯಾರ ಬಳಿಯೂ ಅದು ಇರಲಿಲ್ಲ, ಅಣ್ಣನ ಪೊಟ್ಟಣದ ಮೇಲೆ ಮಾತ್ರ ಇತ್ತು: ಅಪಾಯವಿಲ್ಲ.

ಉತ್ತರ ಇಲ್ಲದ ಕಡೆ ನಾನೇ ಒಂದನ್ನು ಇಟ್ಟೆ.

"ಹೊಗೆ ಅಂದ್ರೆ ಹೊಗೆ ಅಣ್ಣ. ತುಳಸೀದಾದ್ರೂ ಅಷ್ಟೇ, ತಂಬಾಕಿಂದಾದ್ರೂ ಅಷ್ಟೇ. ಎರಡೂ ಒಂದೇ."

"ಒಂದೇನಾ?"

"ಒಂದೇ."

"ಎಂ.ಎ. ಓದಿದಾಕಿ ಹೇಳ್ತಿದೀಯ. ಆಮ್ಯಾಲೆ ತಿರುಗಿಸಬ್ಯಾಡ. ಒಂದೇನಾ?"

"ನೂರು ಸಲ ಕೇಳು. ಒಂದೇ."

ಅಣ್ಣ ಜೇಬಿನಿಂದ ಹಸಿರು ಪೊಟ್ಟಣ ತೆಗೆದು ಗೋಡೆಗೂಡಿನಲ್ಲಿ ಇಟ್ಟ. ಚಪ್ಪಲಿ ಮೆಟ್ಟಿ, "ಇಲ್ಲೇ ಹೋಗ್ ಬರ್ತೀನಿ" ಎಂದು ಬೀದಿಯ ತುದಿಗೆ ನಡೆದ. ಅಷ್ಟು ದಿನ ಬಿಟ್ಟಿದ್ದ ತಂಬಾಕಿನ ಸಿಗರೇಟನ್ನು ಆ ಸಂಜೆಯೇ ಮತ್ತೆ ಹಿಡಿದ. ಎರಡೂ ಒಂದೇ ಆದಮೇಲೆ ಹುಲ್ಲು ಯಾಕೆ ಸೇದಲಿ ಎಂದು ಅತ್ತಿಗೆಯ ಹತ್ತಿರ ಅಂದನಂತೆ.

ಅತ್ತಿಗೆ ನನ್ನ ಮೇಲೆ ಹರಿಹಾಯ್ದರು. "ಹಿತ್ತಲದಾಗೆ ಸೇದ್ರಿ ಅಂತ ಮೆಲ್ಲಗೆ ಹೇಳಿದ್ರೆ ಆಗ್ತಿತ್ತು. ನೀನು ಎರಡೂ ಒಂದೇ ಅಂದೆ. ಈಗ ಅಂಗಿ ಒಗೆಯೋಳು ನಾನು, ವಾಸ್ನೆ ಕುಡಿಯೋಳು ನಾನು. ನಿಂಗೆ ಅತ್ತೆ ಒಬ್ರೇ ಕಂಡ್ರು."

"ಅತ್ತಿಗಿ, ಅವ್ವ ಸಾಯ್ತಿದ್ಲು."

"ನಾನೇನು ಇಲ್ಲ ಅಂದ್ನೇನು? ಇವ್ರು ಸಾಯಂಗಿಲ್ಲೇನು?"

ಅವ್ವನ ಎದೆಯ ಸುಂಯ್ ಶಬ್ದ ಕೆಲವೇ ವಾರಗಳಲ್ಲಿ ಇಳಿಯಿತು, ಪಂಪು ಸೀರೆಗಳ ಅಡಿಯಿಂದ ದಿಂಬಿನ ಪಕ್ಕಕ್ಕೆ ಬಂತು. ಅದು ನನ್ನ ಕಣ್ಣಿಗೆ ಕಂಡ ಸತ್ಯ. ಅಣ್ಣನ ಕೆಮ್ಮು ಮತ್ತೆ ಹೆಚ್ಚಿತು, ಅದೂ ಕಿವಿಗೆ ಕೇಳಿಸಿದ ಸತ್ಯ. ಎರಡರಲ್ಲಿ ಯಾವುದು ದೊಡ್ಡದು ಎಂದು ಯಾರಾದರೂ ಕೇಳಿದರೆ ನನಗೆ ರೇಗುತ್ತದೆ. ಅಷ್ಟು ದಿನವೂ ಅವ್ವನ ಮುಂದೆ ಕೂತು ಆ ಹೊಗೆಯನ್ನು ಬಿಟ್ಟವನು ನಾನಲ್ಲ, ಅವನು.

ಊಟವಾದ ಮೇಲೆ ಪಡಸಾಲೆ ಖಾಲಿಯಾಗತೊಡಗಿತು. ಅಣ್ಣ ಕೈ ಒರೆಸಿಕೊಂಡು ಹೊರಡುತ್ತಿದ್ದ. ಅವ್ವ ಚಾಪೆಯ ಮೇಲೆ ಪಕ್ಕಕ್ಕೆ ಸರಿದು ಕೂರುವುದನ್ನು ರೂಢಿ ಮಾಡಿಕೊಂಡಿದ್ದಳಲ್ಲ, ಅವನಿಗೆ ಜಾಗ ಬಿಡುವುದಕ್ಕೆ, ಹಾಗೆಯೇ ಸರಿದು ಕೂರುತ್ತಿದ್ದಳು. ಆ ಜಾಗದಲ್ಲಿ ನಾನು ಹೋಗಿ ಕೂತೆ. "ಅಪ್ಪನ ಕೋಟಿನ ಕಥೆ ಹೇಳವ್ವ" ಎಂದೆ. "ನಿಂಗೆ ಗೊತ್ತಿರೋದೇ" ಎಂದು ಕಣ್ಣು ಮುಚ್ಚಿಕೊಂಡಳು.

ಗೂಡಿನಲ್ಲಿ ಹಸಿರು ಪೊಟ್ಟಣ ಹಾಗೇ ಇತ್ತು. ಒಂದು ಸೋಮವಾರ ನಾನು ಸ್ನಾನ ಮುಗಿಸಿ ಬರುತ್ತೇನೆ, ದೇವರ ಕೋಣೆಯಿಂದ ಅದೇ ವಾಸನೆ. ಅವ್ವ ಆ ಸಿಗರೇಟುಗಳನ್ನೆಲ್ಲ ಸುಲಿದು, ಒಳಗಿನ ಸೊಪ್ಪನ್ನು ಕೆಂಡದ ಮೇಲೆ ಲೋಬಾನದ ಜೊತೆ ಹಾಕುತ್ತಿದ್ದಳು. ಸೆರಗನ್ನು ಮೂಗಿಗೆ ಒತ್ತಿಕೊಂಡಿದ್ದಳು.

"ಏನವ್ವ ಇದು! ಡಾಕ್ಟ್ರು ಲೋಬಾನಾನೇ ಬ್ಯಾಡ ಅಂದಾರೆ!"

"ಸುಮ್ನೆ ಹಾಳಾಗ್ತಾವಲ್ಲೇ. ತುಳಸಿ ಅದು. ಚೆಲ್ಲಾಕಾಗ್ತೈತೇನು?"

ನಾನು ಕೆಂಡದ ಧೂಪಾರತಿಯನ್ನೇ ಎತ್ತಿಕೊಂಡು ಹೋಗಿ ಹಿತ್ತಲ ನೀರಿನಲ್ಲಿ ಅದ್ದಿದೆ. ದೇವರ ಕೆಂಡ ಆರಿಸಿದೆ ಎಂದು ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಎರಡೋ ಮೂರೋ.

ಮಾತು ಬಿಟ್ಟ ಆ ದಿನಗಳಲ್ಲೇ ಇರಬೇಕು, ಸಂಜೆ ಕಾಲೇಜಿನಿಂದ ಬಂದು ನೋಡಿದರೆ ಅವ್ವ ಪಡಸಾಲೆಯ ಕುರ್ಚಿಯನ್ನು ಎಳೆದುಕೊಂಡು ಹೋಗಿ ಮುಂದಿನ ಕಟ್ಟೆಯ ಮೇಲೆ ಹಾಕಿಕೊಂಡಿದ್ದಳು. ಮುಖ ಗೋಡೆಯ ಕಡೆ, ಬೆನ್ನು ಬೀದಿಗೆ. ನೋಡಿದವರು ಏನಂದುಕೊಳ್ಳಬೇಕು? ಅಣ್ಣ ಆಗತಾನೇ ಚಹಾ ಕುಡಿದು, "ಇಲ್ಲೇ ಹೋಗ್ ಬರ್ತೀನಿ" ಎಂದು ಹೊರಗೆ ಕಾಲಿಟ್ಟ.

"ಎಲ್ಲಿಗೂ ಹೋಗಬ್ಯಾಡ" ಎಂದಳು ಗೋಡೆಯ ಕಡೆಗೇ. "ಮೆಟ್ಲ ಮ್ಯಾಲೆ ಕುಂದ್ರು. ಏನು ಸೇದ್ತೀಯೋ ಸೇದು. ನಾ ಆ ಕಡೆ ನೋಡಂಗಿಲ್ಲ."

ಅಣ್ಣ ನಿಂತೇಬಿಟ್ಟ. ಅಪ್ಪನ ಕಾಲದಿಂದ ಇಬ್ಬರೂ ಕಾಪಾಡಿಕೊಂಡು ಬಂದದ್ದನ್ನು ಅವಳು ಒಂದು ಕುರ್ಚಿ ತಿರುಗಿಸಿ ದಾಟುತ್ತಿದ್ದಳು.

"ಬ್ಯಾಡ ಬಿಡವ್ವ. ಚಲೋ ಕಾಣಂಗಿಲ್ಲ."

"ಬ್ಯಾಡ ಅಂದ್ರೆ ಬಿಡ್ತೀಯೇನು ಅದನ್ನ? ಬಿಡಂಗಿದ್ರೆ ಹೇಳು, ಕುರ್ಚಿ ತಿರುಗಿಸ್ಕಂತೀನಿ."

ಬಾಗಿಲಲ್ಲಿ ನಿಂತಿದ್ದ ನನಗೆ ಒಂದು ಕ್ಷಣ ಆಸೆಯಾಯಿತು, ಬಿಡ್ತೀನಿ ಎನ್ನುತ್ತಾನೇನೋ ಎಂದು. ಅವನು ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತು ಬರಿಗೈಯಲ್ಲಿ ಕೂತಿದ್ದು, ಕೊನೆಗೆ ಬೀದಿಯ ಕಡೆ ತಿರುಗಿ ಕಡ್ಡಿ ಗೀರಿದ. ಈ ಸಲ ತಂಬಾಕಿನದೇ. ಬೆನ್ನಿಗೆ ಬೆನ್ನು ಹಾಕಿ ಅವರಿಬ್ಬರೂ ಮಾತಿಗೆ ಶುರು ಮಾಡಿದರು. ಕಾರ್ಖಾನೆಯಲ್ಲಿ ಯಾರದೋ ಮಗಳ ನಿಶ್ಚಿತಾರ್ಥದ ಸುದ್ದಿ. ಹುಡುಗನ ಕಡೆಯವರು ಎಂಥವರು ಎಂದು ಅವ್ವ ಗೋಡೆಯನ್ನು ಕೇಳಿದಳು. ಅಣ್ಣ ಬೀದಿಗೆ ಉತ್ತರ ಹೇಳಿದ.

ನಾನು ವಿಷದಂಥ ಸಿಟ್ಟಿನಲ್ಲಿ ನಿಂತಿದ್ದೆ. ಹರಿಹರದ ಕಡೆಯಿಂದ ಗಾಳಿ ಬೀಸುತ್ತಿತ್ತು. ಮೆಟ್ಟಿಲ ಮೇಲಿನ ಹೊಗೆಯೆಲ್ಲ ಬಾಗಿ, ಕಟ್ಟೆ ಹತ್ತಿ, ನೇರವಾಗಿ ಅವ್ವನ ಹೆರಳಿಗೆ ಹೋಗುತ್ತಿತ್ತು. ಅವಳ ಭುಜ ಒಂದು ಸಲ ಎದ್ದು ಇಳಿಯಿತು. ಕೆಮ್ಮನ್ನು ನುಂಗಿದ್ದಳು.

"ಏಳವ್ವ" ಎಂದೆ.

"ಯಾಕ?" ನನ್ನ ಜೊತೆ ಮಾತು ಬಿಟ್ಟಿದ್ದನ್ನು ಮರೆತು ಕೇಳಿದಳು.

"ಗಾಳಿ ನಿನ್ ಕಡೆ ಬೀಸ್ತೈತೆ. ಆ ತುದಿಗೆ ಹಾಕ್ತೀನಿ."

ಕುರ್ಚಿ ಎತ್ತಿಕೊಂಡೆ. ಕಟ್ಟೆಯ ಆ ತುದಿಗೆ ಹೋಗಬೇಕಾದರೆ ಅವ್ವ ಮೆಟ್ಟಿಲ ಮುಂದೆಯೇ ಹಾಯಬೇಕು. ಅವಳು ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು ಗ್ರಹಣ ದಾಟುವವಳ ಹಾಗೆ ಹಾದಳು. ಅಣ್ಣ ಉರಿಯುವ ಸಿಗರೇಟನ್ನು ಅಂಗೈಯೊಳಗೆ ಮುಚ್ಚಿ ಹಿಂದಕ್ಕೆ ಹಿಡಿದ. ಬಿಸಿ ತಾಗಿತೋ ಏನೋ, ಅವನ ಮುಖ ಕಿವುಚಿತು. ಯಾರೂ ನಗಲಿಲ್ಲ. ಈ ಸಲ ನನಗೆ ಸರಿಯಾಗಿ ನೆನಪಿದೆ.

"ಗ್ವಾಡಿ ಕಡೆ ಮಾಡಿ ಇಡು" ಅಂದಳು.

"ಇಟ್ಟೀನಿ."

ಕೂತಳು. ಗಾಳಿ ಈಗ ಅವಳನ್ನು ದಾಟಿ ಅವನ ಕಡೆ ಹೋಗುತ್ತಿತ್ತು. ಒಂದು ಉಸಿರು ಎಳೆದು ನೋಡಿದಳು, ಇನ್ನೊಂದು ಎಳೆದಳು.

"ಹ್ಞೂ" ಎಂದಳು ಗೋಡೆಗೆ. "ಹುಡುಗ ಏನು ಮಾಡ್ಕಂಡಿದಾನೆ ಅಂದಿ?"